ತಿರುವು ಬಂದಾಗ ಕರೆಯಬೇಕು

ಮೆನ್ ಗುನಾ ಬಾತುಕೋಳಿಯ ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಏನೋ ಕುಲುಕಿತು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದಳು.

"ಹೋದ ಸಲ ಕೆಟ್ಟ ಮೊಟ್ಟೆ ಇಟ್ಟಿದ್ವೋ ಏನೋ. ಈ ಸಲ ಯಾವುದಕ್ಕೂ ಕೊರತೆ ಆಗಬಾರದು," ಅಂದಳು.

ರೆನಿಂಗ್ ಜಗಲಿಯಲ್ಲಿ ಕೂತು ತೆಂಗಿನ ಎಳೆಗರಿ ಸೀಳುತ್ತಿದ್ದಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಪಕ್ಕದಲ್ಲಿ ಬೆಳಗಿನ ಜೋಳದ ಗಂಜಿ ಕೆನೆಗಟ್ಟಿ ತಣ್ಣಗಾಗಿತ್ತು. ಅತ್ತೆ ಅದನ್ನು ನೋಡಿ ಮತ್ತೊಂದು ಮೊಟ್ಟೆ ಎತ್ತಿಕೊಂಡಳು. ಮೊದಲೆಲ್ಲ ಉಣ್ಣು ಅನ್ನುತ್ತಿದ್ದಳು.

ಮೆನ್ ಗುನಾ ಅಂದರೆ ಗುನಾನ ತಾಯಿ. ಪೆನಿಡಾ ದ್ವೀಪದಲ್ಲಿ ಚೊಚ್ಚಲ ಮಗು ಹುಟ್ಟಿದ ದಿನವೇ ಹೆಂಗಸಿನ ಸ್ವಂತ ಹೆಸರು ಮೂಲೆ ಸೇರುತ್ತದೆ. ಆಮೇಲೆ ಊರೆಲ್ಲ ಮಗುವಿನ ಹೆಸರು ಹಿಡಿದೇ ಕರೆಯುತ್ತದೆ. ಗುನಾ ಹೋಗಿ ಏಳು ತಿಂಗಳಾಗಿತ್ತು. ಸುಟ್ಟು, ಬೂದಿಯನ್ನು ಸಮುದ್ರಕ್ಕೆ ಬಿಟ್ಟು ಎಲ್ಲ ಆಗಿತ್ತು. ಹೆಸರು ಮಾತ್ರ ದಿನಕ್ಕೆ ಇಪ್ಪತ್ತು ಸಲ ಅಂಗಳಕ್ಕೆ ಬರುತ್ತಿತ್ತು. ಮೆನ್ ಗುನಾ, ಒಂದು ಹಿಡಿ ಉಪ್ಪಿದೆಯಾ? ಮೆನ್ ಗುನಾ, ನಿಮ್ಮ ಹಂದಿ ನಮ್ಮ ಹಿತ್ತಲಲ್ಲಿದೆ!

ರೆನಿಂಗ್‌ಗೆ ಅಂಥ ಹೆಸರು ಬಂದಿರಲಿಲ್ಲ. ಗುನಾನನ್ನು ಮದುವೆಯಾಗಿ ಒಂದೂವರೆ ವರ್ಷ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಇವತ್ತು ಅವಳ ಜೀವವನ್ನು ಕರೆಯುವ ದಿನ. ಮನುಷ್ಯ ಎಲ್ಲಿ ಬೆಚ್ಚಿಬೀಳುತ್ತಾನೋ ಅಲ್ಲಿ ಜೀವದ ಒಂದು ಪಾಲು ಉಳಿದುಬಿಡುತ್ತದೆ. ಸ್ಕೂಟರಿನಿಂದ ಬಿದ್ದವನದು ಆ ರಸ್ತೆಯಲ್ಲಿ, ತೆಂಗಿನಮರದಿಂದ ಜಾರಿದವನದು ಮರದ ಬುಡದಲ್ಲಿ. ಮನೆಯವರು ಅದೇ ಜಾಗಕ್ಕೆ ಹೋಗಿ, ಎಡೆಯಿಟ್ಟು, ಹೆಸರು ಹಿಡಿದು ಮೂರು ಸಲ ಕರೆಯಬೇಕು. ಕರೆಸಿಕೊಂಡವರು ಓಗೊಡಬೇಕು. ಮನೆಗೆ ಬರುವಾಗ ದಾರಿಯ ಪ್ರತಿ ತಿರುವಿನಲ್ಲೂ ಮತ್ತೆ ಕರೆಯಬೇಕು, ಜೀವ ದಾರಿ ತಪ್ಪದ ಹಾಗೆ.

ಐದು ತಿಂಗಳ ಹಿಂದೆ ಒಮ್ಮೆ ಕರೆದಿದ್ದರು. ಫಲ ಸಿಗಲಿಲ್ಲ. ರೆನಿಂಗ್ ಉಣ್ಣಲಿಲ್ಲ, ಅಳಲಿಲ್ಲ, ಮಳೆ ಬಂದರೆ ಒಣಹಾಕಿದ ಬಟ್ಟೆ ನೋಡುತ್ತ ನಿಂತಿರುತ್ತಿದ್ದಳು. ಕೊನೆಗೆ ಮೆನ್ ಗುನಾ ಪಕ್ಕದೂರಿನ ಕಣಿ ಹೇಳುವವಳ ಹತ್ತಿರ ಹೋಗಿ ಕೇಳಿದಳು. ಅವಳು ಅಕ್ಕಿ ಎರಚಿ ನೋಡಿ, "ಕರೆದಿದ್ದು ಸರಿ. ಜಾಗ ತಪ್ಪಿದೆ," ಅಂದಳು.

ಮೆನ್ ಗುನಾಗೆ ತಕ್ಷಣ ಅರ್ಥವಾಯಿತು, ಅಥವಾ ಅರ್ಥವಾಯಿತು ಅಂದುಕೊಂಡಳು. ಹೋದ ಸಲ ಸಮುದ್ರ ಉಕ್ಕಿತ್ತು. ಮರಳಿಗೆ ಇಳಿಯಲಾಗದೆ ಕುದುರೆಬಂಡೆಯ ಕೊನೆಯ ಮೆಟ್ಟಿಲ ಮೇಲೇ ಎಡೆಯಿಟ್ಟು ಬಂದಿದ್ದರು. ಸೊಸೆ ಬಿದ್ದದ್ದು ಮರಳ ಮೇಲೆ. ಗಂಡನ ದೇಹ ದಡಕ್ಕೆ ತಂದಾಗ, ಅಲ್ಲಿ.

"ಬಿದ್ದ ಜಾಗ ನೆನಪಿದೆಯೇನೇ?" ಎಂದು ಕೇಳಿದ್ದಳು.

"ಇದೆ ಅಮ್ಮ," ಅಂದಿದ್ದಳು ರೆನಿಂಗ್.

ಅದು ಸುಳ್ಳಲ್ಲ. ಬಿದ್ದ ಜಾಗ ನೆನಪಿತ್ತು. ಆದರೆ ಜೀವ ಹೋದದ್ದು ಅಲ್ಲಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅದು ಹೋದದ್ದು ಮೇಲೆ, ಬಂಡೆಯ ತುದಿಯಲ್ಲಿ, ಬಿದಿರಿನ ಕಂಬದ ಪಕ್ಕ. ಇನ್ನೂ ಯಾರೂ ಕೆಳಗೆ ಓಡುವ ಮುಂಚೆ.

*

ಕುದುರೆಬಂಡೆಗೆ ಮನೆಯಿಂದ ಅರ್ಧ ಗಂಟೆ. ಸ್ಕೂಟರ್ ಓಡಿಸಿದ್ದು ರೆನಿಂಗ್. ಹಿಂದೆ ಅತ್ತೆ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹೆಗಲ ಮೇಲೆ ಸೊಸೆಯದೊಂದು ಹಳೆಯ ಸುತ್ತುಬಟ್ಟೆ; ಕರೆದ ಜೀವ ಅದರೊಳಗೆ ಕೂತು ಬರಬೇಕು.

ಸ್ಕೂಟರ್ ನಿಲ್ಲಿಸುವ ಕಡೆ ಪಾನ್ ರುಂಬು, ಅಂದರೆ ರುಂಬುವಿನ ಅಪ್ಪ, ಕುರ್ಚಿ ಹಾಕಿಕೊಂಡು ಕೂತಿದ್ದ.

"ಏನ್ ಮೆನ್ ಗುನಾ, ಫೋಟೋ ತೆಗೆಸ್ಕೊಳ್ಳೋಕೆ ಬಂದ್ರಾ?"

"ಹೂಂ ಕಣೋ. ನಿನ್ನ ಮುಖ ನೋಡಿ ನೋಡಿ ಸಾಕಾಯ್ತು. ಕುದುರೆ ಮುಖಾನಾದ್ರೂ ನೋಡೋಣ ಅಂತ."

ಅವನು ನಕ್ಕ. ಬುಟ್ಟಿ ಕಂಡು, ರೆನಿಂಗ್‌ಳನ್ನು ಕಂಡು, ನಗುವನ್ನು ಮಡಚಿಟ್ಟುಕೊಂಡ. "ಆ ಮಂಡಿ ಇಟ್ಕೊಂಡು ಕೆಳಗಿಳೀತೀರಾ? ಆರುನೂರು ಮೆಟ್ಟಿಲಿದೆ."

"ಮಂಡಿ ನಂದು. ಮೆಟ್ಟಿಲು ಊರಿಂದು. ನಿಂದೇನು ಹೋಗತ್ತೆ?"

ಬಂಡೆಯ ತುದಿಯಲ್ಲಿ ಎಂದಿನ ಹಾಗೆ ಸಾಲು ನಿಂತಿತ್ತು. ಗಾಳಿಗೆ ಹಾರುವ ಬಾಡಿಗೆ ಗೌನು ತೊಟ್ಟ ಹುಡುಗಿಯರು, ಬೆವರು ಒರೆಸಿಕೊಳ್ಳುತ್ತ ಅವರ ಚಪ್ಪಲಿ ಹಿಡಿದು ನಿಂತ ಗಂಡಸರು. ಕಟಾಂಜನದಾಚೆ ನೀರು ಕುಡಿಯಲು ಬಗ್ಗಿದ ಕುದುರೆಯ ಕತ್ತಿನಂತೆ ಗುಡ್ಡ ಸಮುದ್ರಕ್ಕೆ ಇಳಿದಿತ್ತು. ಅದರ ಬುಡದಲ್ಲಿ ಉಗುರಿನಷ್ಟು ಬಿಳಿ ಮರಳು. ಅಷ್ಟು ಚಂದದ ನೀಲಿ ಇನ್ನೆಲ್ಲೂ ಇಲ್ಲ ಅಂತ ಬಂದವರೆಲ್ಲ ಹೇಳುತ್ತಿದ್ದರು. ರೆನಿಂಗ್ ಅತ್ತ ನೋಡಲಿಲ್ಲ.

ಕಂಬದ ಹತ್ತಿರ ಈಗ ಊರಿನ ಹುಡುಗಿ ಲಾಸ್ತ್ರಿ ಅಲೆ ಕಾಯುತ್ತಿದ್ದಳು. ಮೊದಲು ಅದು ರೆನಿಂಗ್‌ಳ ಕೆಲಸ. ಕೆಳಗೆ ಮರಳಿನಲ್ಲಿ ನಿಂತವರಿಗೆ ದೊಡ್ಡ ಅಲೆ ಕಾಣುವುದು ತಲೆಯ ಮೇಲೆ ಬಂದಾಗ. ಮೇಲಿನಿಂದಾದರೆ ಬಹಳ ಮುಂಚೆಯೇ ಕಾಣುತ್ತದೆ: ದೂರದಲ್ಲಿ ಒಂದರ ಹಿಂದೆ ಒಂದು ಮೂರು ಕಪ್ಪು ಗೆರೆ. ಗೆರೆ ಕಂಡ ಕೂಡಲೇ ಬಿದಿರಿಗೆ ಕಟ್ಟಿದ ಕೆಂಪು ಬಟ್ಟೆ ಎತ್ತಬೇಕು. ಕೆಳಗಿರುವವನು ಸೀಟಿ ಊದಿ ಎಲ್ಲರನ್ನೂ ಮೆಟ್ಟಿಲು ಹತ್ತಿಸುತ್ತಾನೆ. ಕೆಳಗೆ ಗುನಾ, ಮೇಲೆ ರೆನಿಂಗ್. ದೆನ್‌ಪಸಾರ್ ಪಟ್ಟಣದಲ್ಲಿ ಓದಿ ಬಂದ ಸೊಸೆ ಕೋಲು ಹಿಡಿದು ನಿಲ್ಲುವುದೇ ಎಂದು ಊರಿನವರು ಆಡಿಕೊಂಡಾಗ ಗುನಾ, "ಎಣಿಸೋಕೆ ಬರೋರು ಬೇಕಲ್ಲ, ಅದಕ್ಕೇ ಓದಿದವಳನ್ನ ತಂದೆ," ಅನ್ನುತ್ತಿದ್ದ. ಬಟ್ಟೆ ಎತ್ತಿದ ಮೇಲೆ ಅಲೆ ಬಡಿಯಲು ನಲವತ್ತು ಎಣಿಸುವಷ್ಟು ಹೊತ್ತು. ಮರಳು ಖಾಲಿ ಮಾಡಲು ಮೂವತ್ತು ಸಾಕು.

ಬಿಡುವಿದ್ದಾಗ ಅವಳು ಬಂದವರ ಫೋಟೋ ತೆಗೆದುಕೊಡುತ್ತಿದ್ದಳು. ಅದನ್ನು ಯಾರೂ ಬೇಡ ಅಂದಿರಲಿಲ್ಲ.

"ಅಕ್ಕಾ," ಎಂದಳು ಲಾಸ್ತ್ರಿ, "ಇವತ್ತು ಸಮುದ್ರ ಸುಮ್ಮನಿದೆ, ಆದ್ರೂ ಬೇಗ ಬಂದುಬಿಡಿ."

*

ಮೆಟ್ಟಿಲು ಎಂದರೆ ಬಂಡೆಯಲ್ಲಿ ಕಡಿದ ಗುಳಿಗಳು, ಪಕ್ಕಕ್ಕೆ ಬಿದಿರಿನ ಕಟಾಂಜನ. ಮೆನ್ ಗುನಾ ಏಣಿ ಇಳಿಯುವವರ ಹಾಗೆ ಬಂಡೆಯ ಕಡೆಗೆ ಮುಖ ಮಾಡಿ ಇಳಿದಳು. ರೆನಿಂಗ್ ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ, ಬುಟ್ಟಿ ಹೊತ್ತು.

"ಹಿಡ್ಕೊಳ್ಳಲಾ ಅಮ್ಮ?"

"ನನ್ನನ್ನ ಹಿಡ್ಕೊಂಡ್ರೆ ಇಬ್ರೂ ಒಟ್ಟಿಗೆ ಹೋಗ್ತೀವಿ. ಮೊಟ್ಟೆ ಹಿಡ್ಕೋ."

ಕೆಳಗಿನಿಂದ ಕೆಂಪಗಾದ ಮುಖದ ಪ್ರವಾಸಿಗರು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು. ದಾರಿ ಬಿಡಲು ಮೆನ್ ಗುನಾ ಬಂಡೆಗೆ ಆತು ನಿಂತಾಗಲೆಲ್ಲ ಏನಾದರೊಂದು ಹೇಳುತ್ತಿದ್ದಳು. "ನೋಡೇ ಇವನ್ನ, ದುಡ್ಡು ಕೊಟ್ಟು ಒದ್ದಾಡ್ತಾನೆ." ಅರ್ಧ ದಾರಿಯಲ್ಲಿ ಕೂರಲು ಒಂದು ಚಪ್ಪಡಿ ಇತ್ತು. ಕೂತು ಮಂಡಿ ತಿಕ್ಕಿಕೊಂಡಳು.

"ಗುನಾ ಎಂಟು ವರ್ಷಕ್ಕೇ ಇಲ್ಲಿ ಇಳೀತಿದ್ದ. ಆಗ ಕಟಾಂಜನಾನೂ ಇರ್ಲಿಲ್ಲ, ಬರೀ ಬಳ್ಳಿ. ನನಗೆ ಹೇಳ್ತಾನೇ ಇರ್ಲಿಲ್ಲ. ಮೀನು ತಂದು ಚಿಕ್ಕಪ್ಪ ಕೊಟ್ಟ ಅನ್ನೋನು. ಚಿಕ್ಕಪ್ಪನಿಗೆ ಈಜೋಕೇ ಬರಲ್ಲ! ಆದ್ರೂ ನಾನು ನಂಬ್ತಿದ್ದೆ ನೋಡು." ನಕ್ಕಳು. "ಸುಳ್ಳು ಹೇಳಿದ್ದು ಗೊತ್ತಾದಾಗ ಬಾರಿಸ್ದೆ. ಆಮೇಲೆ ಮೀನು ಹುರಿದು ಕೊಟ್ಟೆ."

ಹೇಳಿಬಿಡಲು ಇದು ಒಳ್ಳೆಯ ಜಾಗ ಎಂದು ರೆನಿಂಗ್‌ಗೆ ಅನಿಸಿತು. ಇನ್ನೂ ಮುನ್ನೂರು ಮೆಟ್ಟಿಲು ಇಳಿಯುವುದು ತಪ್ಪುತ್ತಿತ್ತು. ಬಾಯಿ ತೆರೆದಳು. ಜಲಸಂಧಿಯಾಚೆ ಕ್ಲುಂಗ್‌ಕುಂಗ್‌ನಲ್ಲಿದ್ದ ತವರಿನವರು ಬಾ ಎಂದು ಎರಡು ಸಲ ಹೇಳಿ ಕಳಿಸಿದ್ದರು. ಆಗ ಮೆನ್ ಗುನಾ ಸೊಸೆಯನ್ನು ಏನೂ ಕೇಳದೆ, ಹೇಳಿಕಳಿಸಿದವರಿಗೇ ಉತ್ತರ ಕೊಟ್ಟಿದ್ದಳು: "ಇವಳು ನನ್ನವಳು. ನನಗೆ ಉಳಿದಿರೋದು ಇವಳೊಬ್ಬಳೇ." ಮಗ ಹೋದದ್ದು ಯಾರಿಂದ ಎಂದು ತಿಳಿದ ಮೇಲೂ ಆ ಮಾತು ಉಳಿಯುತ್ತದೆಯೇ?

"ಏನೇ?"

"ಏನಿಲ್ಲ ಅಮ್ಮ. ನೀರು ಕುಡೀತೀರಾ?"

*

ಮರಳ ಮೇಲೆ ದರ್ಸಾ ಸೀಟಿ ಕತ್ತಿಗೆ ನೇತುಹಾಕಿಕೊಂಡು ನಿಂತಿದ್ದ. ಗುನಾನ ದೊಡ್ಡಪ್ಪನ ಮಗ. ಗುನಾ ಹೋದ ಮೇಲೆ ಊರಿನವರು ಅವನನ್ನು ಇಲ್ಲಿಗೆ ಹಾಕಿದ್ದರು. ಚಿಕ್ಕಮ್ಮನನ್ನು ಕಂಡು ಓಡಿ ಬಂದ.

"ಚಿಕ್ಕಮ್ಮಾ! ಮತ್ತೆ ಇಳಿದು ಬಂದ್ರಾ? ಹತ್ತಿಸೋರು ಯಾರು?"

"ಇಳಿದವಳಿಗೆ ಹತ್ತೋಕೂ ಬರತ್ತೆ. ಅವರನ್ನ ಆ ಕಡೆ ಕಳಿಸು ಸ್ವಲ್ಪ."

ಅವನು ಪ್ರವಾಸಿಗರನ್ನು ಮರಳಿನ ಆ ತುದಿಗೆ ಅಟ್ಟಿದ. ರೆನಿಂಗ್ ಜಾಗ ತೋರಿಸಿದಳು. ಮೆನ್ ಗುನಾ ಎಡೆ ಜೋಡಿಸಿದಳು: ಗರಿಯಲ್ಲಿ ಹೆಣೆದ ಪುಟ್ಟ ಮನುಷ್ಯಾಕೃತಿ, ಅಕ್ಕಿ, ಮೊಟ್ಟೆ, ಹೂವು, ಊದುಕಡ್ಡಿ. ದೇವಸ್ಥಾನದ ತೀರ್ಥದ ಶೀಸೆಯನ್ನೂ ಮೂರು ಬಣ್ಣದ ದಾರವನ್ನೂ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡಳು. ಸುತ್ತುಬಟ್ಟೆ ಹೆಗಲ ಮೇಲೇ ಇತ್ತು.

"ರೆನಿಂಗ್, ಬಾ, ಮನೆಗೆ ಹೋಗೋಣ."

ಅಲೆ ಬಂತು, ಹೋಯಿತು.

"ರೆನಿಂಗ್, ಬಾರಮ್ಮ. ಇಲ್ಲಿ ಕೂತು ಏನ್ ಮಾಡ್ತೀಯಾ? ಬಾ ಮನೆಗೆ."

ಓಗೊಟ್ಟುಬಿಟ್ಟರೆ ಮುಗಿಯುತ್ತಿತ್ತು. ಒಂದು ಮಾತು. ಇಲ್ಲದ ಜಾಗದಿಂದ ಬಂದೆ ಅನ್ನುವುದು ಹೇಗೆ?

ಮೂರನೆಯ ಸಲ ಕರೆಯಲು ಮೆನ್ ಗುನಾ ಉಸಿರೆಳೆದುಕೊಂಡಾಗ ದರ್ಸಾನ ಸೀಟಿ ಕೂಗಿತು.

ರೆನಿಂಗ್ ತಲೆಯೆತ್ತಿದಳು. ಬಂಡೆಯ ನೆತ್ತಿಯಲ್ಲಿ, ಎಲೆಯಡಿಕೆ ಉಗುಳಿದಷ್ಟು ಸಣ್ಣ ಕೆಂಪು ಚುಕ್ಕೆ. ಅದನ್ನು ಅವಳು ಕೆಳಗಿನಿಂದ ನೋಡಿದ್ದು ಇದೇ ಮೊದಲು. ಗುನಾ ದಿನವೆಲ್ಲ ಇದನ್ನೇ ನೋಡುತ್ತಿದ್ದ.

ಅತ್ತೆಯ ಕಂಕುಳಿಗೆ ಕೈಹಾಕಿ ಎತ್ತಿದಳು. ಒಳಗೆ ಲೆಕ್ಕ ತಾನಾಗಿ ಶುರುವಾಗಿತ್ತು. ಐದು. ಆರು. ಮರಳು ಕಾಲನ್ನು ಎಳೆಯಿತು. ಹದಿನಾಲ್ಕು. "ಎಡೆ ಕಣೇ, ಎಡೆ!" "ಇರ್ಲಿ ಬನ್ನಿ ಅಮ್ಮ!" ಇಪ್ಪತ್ತೆರಡು. ದರ್ಸಾ ಪ್ರವಾಸಿಗರನ್ನು ಮುಂದೆ ತಳ್ಳುತ್ತ ಕೂಗುತ್ತಿದ್ದ. ಮೂವತ್ತಕ್ಕೆ ಎಲ್ಲರೂ ಮೆಟ್ಟಿಲ ಮೇಲಿದ್ದರು. ಮೂವತ್ತೊಂಬತ್ತಕ್ಕೆ ಸಮುದ್ರ ಬಂತು. ಮರಳು ಪೂರ್ತಿ ಮುಳುಗಿತು. ನೀರು ಬಂಡೆಗೆ ಬಡಿದು ಅವರ ಸೊಂಟದವರೆಗೆ ತೋಯಿಸಿ ಹಿಂದೆ ಸರಿಯಿತು. ಎರಡನೆಯದು. ಮೂರನೆಯದು. ಬುಟ್ಟಿ, ಮೊಟ್ಟೆ, ಪುಟ್ಟ ಆಕೃತಿ ಯಾವುದೂ ಉಳಿಯಲಿಲ್ಲ.

ಮೆನ್ ಗುನಾ ಹೆದರಿಕೆಗೆ ನಗುತ್ತಿದ್ದಳು. "ಅಬ್ಬಾ! ಲಾಸ್ತ್ರಿ ಒಳ್ಳೇ ಹುಡುಗಿ. ಎಷ್ಟು ಹೊತ್ತಿತ್ತು ನಮಗೆ!"

"ಮೂವತ್ತೊಂಬತ್ತು," ಅಂದಳು ರೆನಿಂಗ್.

"ಏನು?"

"ಅವತ್ತು ಹತ್ತೂ ಇರ್ಲಿಲ್ಲ ಅಮ್ಮ."

ಮುದುಕಿಯ ನಗು ನಿಂತಿತು.

"ನಾನು ಬಟ್ಟೆ ತಡವಾಗಿ ಎತ್ತಿದೆ. ಒಬ್ಬ ಮದುಮಗಳ ಫೋಟೋ ತೆಗೀತಿದ್ದೆ. ಮೊದಲನೇದ್ರಲ್ಲಿ ಅವಳ ಕಣ್ಣು ಮುಚ್ಚಿತ್ತು. ಸಾಕು ಅಂದಳು ಅವಳು. ನಾನೇ ಇನ್ನೊಂದು ಅಂದೆ. ಎಲ್ಲರಿಗೂ ಸರಿಯಾದ ಹೊತ್ತಿಗೆ ಎತ್ತಿದೆ ಅಂತ ಹೇಳಿದೆ. ಅದು ಸುಳ್ಳು. ನನ್ನ ಜೀವ ಇಲ್ಲಿ ಹೋಗಿದ್ದಲ್ಲ. ಮೇಲೆ ಹೋಗಿದ್ದು."

ಇಷ್ಟನ್ನೂ ಒಂದೇ ಸಮನೆ, ಅಂಗಡಿಯಲ್ಲಿ ಸಾಮಾನು ಹೇಳುವ ಹಾಗೆ ಹೇಳಿದಳು. ದರ್ಸಾ ಪಕ್ಕದಲ್ಲಿದ್ದ. ಅವನು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಇನ್ನೆತ್ತಲೋ ನೋಡಿದ.

ಮೆನ್ ಗುನಾ ತೊಯ್ದ ಬಟ್ಟೆಯ ಅಂಚನ್ನು ಹಿಂಡಿದಳು. ನೀರು ಇಳಿದುಹೋದ ಮೇಲೂ ಹಿಂಡುತ್ತಲೇ ಇದ್ದಳು. ಆಮೇಲೆ ತಿರುಗಿ ಹತ್ತತೊಡಗಿದಳು.

*

ಹತ್ತಲು ಒಂದೂವರೆ ಗಂಟೆ ಹಿಡಿಯಿತು. ಮೆನ್ ಗುನಾ ಸೊಸೆಯ ಕೈ ಹಿಡಿಯಲಿಲ್ಲ. ಬಿದಿರು ಹಿಡಿದಳು, ಬಂಡೆ ಹಿಡಿದಳು, ಎರಡು ಕಡೆ ಅಪರಿಚಿತ ಪ್ರವಾಸಿಯೊಬ್ಬ ಚಾಚಿದ ಕೈಯನ್ನೂ ಹಿಡಿದಳು. ಚಪ್ಪಡಿಯ ಮೇಲೆ ಕೂತಾಗ ರೆನಿಂಗ್ ಕೊಟ್ಟ ನೀರು ಕುಡಿಯಲಿಲ್ಲ. ರೆನಿಂಗ್ ಮೂರು ಮೆಟ್ಟಿಲು ಕೆಳಗೆ, ಅತ್ತೆ ಜಾರಿದರೆ ತಡೆಯುವಷ್ಟು ದೂರದಲ್ಲಿ ಹತ್ತಿದಳು. ನಾಳೆಯ ದೋಣಿ ಎಷ್ಟು ಹೊತ್ತಿಗೆ ಎಂದು ಯೋಚಿಸಿದಳು. ತನ್ನದು ಎನ್ನುವ ಬಟ್ಟೆಬರೆ ಒಂದೇ ಚೀಲದಷ್ಟು.

ಮೇಲೆ ಬಂದು ಮೆನ್ ಗುನಾ ಬಿಸಿಲಲ್ಲಿ ನಿಂತು ಉಸಿರು ತೆಗೆದುಕೊಂಡಳು. ತುಟಿ ಬೆಳ್ಳಗಾಗಿತ್ತು.

"ಇದನ್ನ ಕೆಳಗೆ ಇಳಿಯೋಕೆ ಮುಂಚೆ ಹೇಳೋಕೆ ಆಗ್ತಿರ್ಲಿಲ್ವಾ?"

ರೆನಿಂಗ್ ಮತ್ತೆ ನೀರು ಚಾಚಿದಳು.

"ಆರುನೂರು ಮೆಟ್ಟಿಲು! ಈ ಮಂಡಿಲಿ!" ಧ್ವನಿ ಒಡೆಯಿತು. ಅದು ಮೆಟ್ಟಿಲಿನ ಮಾತಾಗಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಮುದುಕಿ ಮುಖ ಒರೆಸಿಕೊಂಡು ಪಾನ್ ರುಂಬುವಿನ ಕಡೆ ಕೂಗಿದಳು. "ಏಯ್, ನಿನ್ನ ಕುರ್ಚಿ ಪಕ್ಕ ಬೆಳಿಗ್ಗೆ ಇಟ್ಟ ಹೂವಿನ ಎಡೆ ಇದೆಯಲ್ಲ, ಕೊಡು ಇಲ್ಲಿ."

"ದೇವರಿಗೆ ಇಟ್ಟಿದ್ದು ಮೆನ್ ಗುನಾ..."

"ದೇವರಿಗೆ ನಾನು ಹೇಳ್ಕೊಳ್ತೀನಿ. ಕೊಡು."

ಪಕ್ಕದ ಅಂಗಡಿಯಿಂದ ಬಿಸ್ಕತ್ತಿನ ಪೊಟ್ಟಣ, ಬೇಯಿಸಿದ ಕೋಳಿಮೊಟ್ಟೆ ತಂದಳು. ಬೆಳಿಗ್ಗೆ ಮೂರು ಮೊಟ್ಟೆ ಅಲ್ಲಾಡಿಸಿ ನೋಡಿದವಳು ಇದನ್ನು ನೋಡಲೂ ಇಲ್ಲ. ಫೋಟೋ ಸಾಲನ್ನು ಮೊಣಕೈಯಿಂದ ಸರಿಸುತ್ತ ನೇರ ಕಂಬದ ಹತ್ತಿರ ನಡೆದಳು.

"ಎಲ್ಲಿ ನಿಂತಿದ್ದೆ?"

"ಇಲ್ಲಿ."

"ಮುಖ ಎತ್ತ ಕಡೆ?"

ರೆನಿಂಗ್ ನಿಂತು ತೋರಿಸಿದಳು.

"ಸಮುದ್ರದ ಕಡೆಗೇ ಇದೆಯಲ್ಲ."

"ಹೌದು. ಗೆರೆ ಆ ಫೋಟೋದಲ್ಲೇ ಇತ್ತು ಅಮ್ಮ. ಅವಳ ಹೆಗಲ ಹಿಂದೆ. ನಾನು ಅದನ್ನೇ ನೋಡ್ತಾ ಇದ್ದೆ. ಕಾಣಲಿಲ್ಲ."

ಮೆನ್ ಗುನಾ ಆ ಕಡೆ ತಿರುಗಿ ಸ್ವಲ್ಪ ಹೊತ್ತು ಸಮುದ್ರ ನೋಡಿದಳು. ಆಮೇಲೆ ನೆಲದ ಮೇಲೆ ಕೂತು, ಬಾಡಿದ ಹೂವು, ಬಿಸ್ಕತ್ತು, ಮೊಟ್ಟೆ ಜೋಡಿಸಿದಳು.

"ನನಗೆ ಸಿಟ್ಟಿದೆ," ಅಂದಳು, ತಲೆಯೆತ್ತದೆ. "ಬಹಳ ದಿನ ಇರತ್ತೆ. ಸಾಯೋವರೆಗೂ ಇದ್ರೂ ಇರಬಹುದು. ಅದು ಬೇರೆ, ಇದು ಬೇರೆ. ಕರೆದಾಗ ಓ ಅನ್ನು."

ಬಾಡಿಗೆ ಗೌನಿನ ಹುಡುಗಿಯೊಬ್ಬಳು ಫೋನ್ ಎತ್ತಿದಳು. ಲಾಸ್ತ್ರಿ ಅವಳ ಮುಂದೆ ಹೋಗಿ ನಿಂತಳು, ಕಣ್ಣು ಮಾತ್ರ ಸಮುದ್ರದ ಮೇಲೆ.

"ರೆನಿಂಗ್, ಬಾ, ಮನೆಗೆ ಹೋಗೋಣ."

"ಓ."

"ರೆನಿಂಗ್, ಬಾ."

"ಓ, ಬಂದೆ."

ಮೂರನೆಯ ಸಲ ಕರೆದಾಗ ಉತ್ತರ ಮಾತಾಗಿ ಬರಲಿಲ್ಲ. ಎಲ್ಲೋ ಆಳದಿಂದ, ಬಾವಿಯ ಗಾಲಿ ಕಿರುಗುಟ್ಟಿದ ಹಾಗೆ ಒಂದು ಸದ್ದು ಬಂತು. ಆಮೇಲೆ ಅದು ನಿಲ್ಲಲಿಲ್ಲ. ಏಳು ತಿಂಗಳ ಅಳು. ಮೆನ್ ಗುನಾ ಸಮಾಧಾನ ಹೇಳಲಿಲ್ಲ. ತೀರ್ಥ ಚಿಮುಕಿಸಿದಳು. ದಾರವನ್ನು ಸೊಸೆಯ ಮಣಿಕಟ್ಟಿಗೆ ಕಟ್ಟಿದಳು, ಬೇಕಾದ್ದಕ್ಕಿಂತ ಬಿಗಿಯಾಗಿ. ತೊಯ್ದ ಸುತ್ತುಬಟ್ಟೆಯನ್ನು ಮಡಚಿ ಎದೆಗೆ ಅವಚಿಕೊಂಡಳು.

*

ಜೀವ ತರುವಾಗ ದಾರಿಯಲ್ಲಿ ಬೇರೆಯವರ ಹತ್ತಿರ ಮಾತಾಡಬಾರದು. ಪಾನ್ ರುಂಬು ಏನೋ ಅಂದ. ಇಬ್ಬರೂ ತಿರುಗಿ ನೋಡಲಿಲ್ಲ. ರೆನಿಂಗ್ ಸ್ಕೂಟರ್ ಹೊರಡಿಸಿದಳು.

ಮೊದಲ ತಿರುವು. ಹಿಂದಿನಿಂದ, "ರೆನಿಂಗ್, ಬರ್ತಿದೀಯಾ?"

"ಬರ್ತಿದೀನಿ."

ಎರಡನೆಯದು. ಮೂರನೆಯದು. ಸುಣ್ಣಕಲ್ಲಿನ ಗೋಡೆಗಳ ನಡುವೆ ರಸ್ತೆ ಹಾವಿನಂತೆ ಹೊರಳುತ್ತಿತ್ತು. ಪ್ರತಿ ಸಲವೂ ದನಿ ಬಂತು, ಪ್ರತಿ ಸಲವೂ ಅವಳು ಓಗೊಟ್ಟಳು. ಸಮುದ್ರಪಾಚಿ ಒಣಹಾಕಿದ ಅಂಗಳಗಳು ಬಂದವು, ಆ ಉಪ್ಪಿನ ವಾಸನೆ ಬಂತು. ಯಾರದೋ ಒಲೆಯಲ್ಲಿ ಮೀನು ಹುರಿಯುತ್ತಿದ್ದರು. ಹೊಟ್ಟೆ ಸಣ್ಣಗೆ ತಿರುಚಿತು. ಅದು ಹಸಿವು ಎಂದು ಗುರುತು ಹಿಡಿಯಲು ಅವಳಿಗೆ ಕ್ಷಣ ಬೇಕಾಯಿತು.

ಕೊನೆಯ ತಿರುವು, ಮನೆಗೆ ಹೊರಳುವ ಕಡೆ, ಆಲದ ಮರದ ಹತ್ತಿರ. ಅಲ್ಲಿ ಇಬ್ಬರು ಹೆಂಗಸರು ಕೂಗಿದರು, "ಮೆನ್ ಗುನಾ, ಎಲ್ಲಿಗೆ ಹೋಗಿದ್ರಿ?"

ಸ್ಕೂಟರ್ ಮುಂದೆ ಬಂತು. ಹಿಂದಿನಿಂದ ಕರೆ ಬರಲಿಲ್ಲ.

ರೆನಿಂಗ್ ವೇಗ ಕಡಿಮೆ ಮಾಡಿದಳು. ತಿರುವು ಅರ್ಧ ಮುಗಿದಿತ್ತು. ಬೆನ್ನಿಗೆ ತಾಗಿದ್ದ ಮುದುಕಿಯ ಮೈ ಅದುರುತ್ತಿರುವುದು ತಿಳಿಯುತ್ತಿತ್ತು. ಮಗನ ಹೆಸರು ಹಿಡಿದು ಕೂಗಿಸಿಕೊಂಡವಳ ಬಾಯಿಗೆ ಈಗ ಇನ್ನೊಂದು ಹೆಸರು ಬರುತ್ತಿರಲಿಲ್ಲ. ರೆನಿಂಗ್ ಕಾದಳು. ರಸ್ತೆ ನೆಟ್ಟಗಾಗಲು ಇನ್ನೂ ನಾಲ್ಕು ಮಾರು ಇರುವಾಗ ಬ್ರೇಕ್ ಹಿಡಿದು ನಿಲ್ಲಿಸಿದಳು.

"ಬರ್ತಿದೀನಿ ಅಮ್ಮ," ಅಂದಳು, ಯಾರೂ ಕರೆಯದೆಯೇ.

ಹಿಂದೆ ಮೂಗು ಒರೆಸಿಕೊಂಡ ಸದ್ದು.

"ಬಾ," ಅಂದಳು ಮೆನ್ ಗುನಾ. "ನಿಧಾನಕ್ಕೆ ಓಡಿಸು. ಮುಂದೆ ಗುಂಡಿ ಇದೆ."